ಬಲೂನು ಉಬ್ಬಿಸೋದಾ, ಆರತಿ ನೀರು ಮಾಡೋದಾ? ಮಕ್ಕಳಿಗೆ ಅಡುಗೆಮನೆ ಪ್ರಯೋಗ ಆರಿಸುವಾಗ

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿಟ್ಟರೆ ದಾವಣಗೆರೆಯ ಮಕ್ಕಳಿಗೆ ಮನೆಯೇ ಜೈಲು. ಹತ್ತು ಗಂಟೆ ದಾಟಿದ ಮೇಲೆ ಅಂಗಳದಲ್ಲಿ ಬರಿಗಾಲು ಇಡೋಕೆ ಆಗಲ್ಲ. ನಮ್ಮನೆಯಲ್ಲಿ 7 ವರ್ಷದ ಮಗಳು, 4 ವರ್ಷದ ಮಗ. ಮೊಬೈಲ್ ಕಿತ್ತುಕೊಂಡ ಮೇಲೆ ಕೈಗೆ ಬೇರೆ ಏನಾದರೂ ಕೊಡಲೇಬೇಕು ಅಲ್ವಾ?

ನಾನು ಮೊದಲು ಆನ್‌ಲೈನಿನಲ್ಲಿ ಒಂದು ಸೈನ್ಸ್ ಕಿಟ್ ತರಿಸಿದೆ. ಡಬ್ಬ ದೊಡ್ಡದು, ಒಳಗಿದ್ದದ್ದು ಪುಟ್ಟ ಪುಟ್ಟ ಪೊಟ್ಟಣಗಳು. ಎರಡು ದಾರಿಯಲ್ಲೇ ಒಡೆದು ಪುಡಿಯೆಲ್ಲ ಚೆಲ್ಲಿತ್ತು. ಉಳಿದವುಗಳ ಚೀಟಿ ಓದಿದೆ. ಒಂದರಲ್ಲಿ ಸೋಡಿಯಂ ಬೈಕಾರ್ಬೊನೇಟ್, ಇನ್ನೊಂದರಲ್ಲಿ ಸಿಟ್ರಿಕ್ ಆಸಿಡ್. ಅಂದರೆ ತಿನ್ನೋ ಸೋಡ, ನಿಂಬೆ ಉಪ್ಪು. ಎರಡೂ ನಮ್ಮ ಮಸಾಲೆ ಡಬ್ಬದ ಪಕ್ಕದಲ್ಲೇ ಕೂತಿದ್ದವು.

ಅವತ್ತಿನಿಂದ ಅಡುಗೆಮನೆಯ ಸಾಮಾನಿನಲ್ಲೇ ನಮ್ಮ ಆಟ. ಹದಿನೈದು ಬಗೆಯಾದರೂ ಮಾಡಿ ನೋಡಿದ್ದೇವೆ. ಕೆಲವು ಒಂದು ಸಲಕ್ಕೇ ಮುಗಿದುಹೋದವು, ಕೆಲವು ವಾರಗಟ್ಟಲೆ ನಡೆದವು. ಈಗ ಆರಿಸುವಾಗ ನಾನು ಮೊದಲು ನೋಡುವುದು ಒಂದೇ. ಮಗು "ಇನ್ನೊಂದ್ಸಲ" ಅಂದಾಗ ತಾನೇ ಏನಾದರೂ ಬದಲಾಯಿಸಿ ನೋಡೋಕೆ ಆಗುತ್ತಾ? ಒಲೆ ಬೇಕಾ, ಎಷ್ಟು ಹೊತ್ತು ಕಾಯಬೇಕು, ಕೊನೆಗೆ ನೆಲ ಒರೆಸೋರು ಯಾರು ಅನ್ನೋದೆಲ್ಲ ಅದಾದ ಮೇಲೆ.

ಸೋಡ ಗೆಲ್ಲುತ್ತಾ, ಅರಿಶಿನ ಗೆಲ್ಲುತ್ತಾ?

ಎಲ್ಲರೂ ಮೊದಲು ಮಾಡೋದು ಸೋಡದ ಪ್ರಯೋಗ. ಅರ್ಧ ಲೀಟರಿನ ಖಾಲಿ ಬಾಟಲಿಗೆ ಎರಡು ನಿಂಬೆಹಣ್ಣಿನ ರಸ ಹಿಂಡಿ. ಬಲೂನಿನೊಳಗೆ ಅರ್ಧ ಚಮಚ ಸೋಡ ತುಂಬಿ, ಬಾಯಿಯನ್ನು ಬಾಟಲಿಗೆ ಸಿಕ್ಕಿಸಿ, ಬಲೂನು ಎತ್ತಿ ಹಿಡಿಯಿರಿ. ಸೋಡ ಕೆಳಗೆ ಬಿದ್ದ ಕೂಡಲೇ ಬುಸ್ಸೆಂದು ನೊರೆ ಏಳುತ್ತದೆ, ಬಲೂನು ತಾನಾಗಿ ಎದ್ದು ನಿಲ್ಲುತ್ತದೆ. ಹುಳಿಯೂ ಸೋಡವೂ ಸೇರಿದಾಗ ಹುಟ್ಟುವ ಇಂಗಾಲದ ಡೈಆಕ್ಸೈಡ್ ಅನಿಲ ಅದನ್ನು ಉಬ್ಬಿಸುತ್ತದೆ. ಆಗ ಮಗುವಿನ ಕೈಯನ್ನು ಬಾಟಲಿಯ ಬುಡಕ್ಕೆ ಮುಟ್ಟಿಸಿ. ತಣ್ಣಗಿರುತ್ತದೆ. ನೊರೆ ಬಂದರೆ ಬಿಸಿ ಇರಬೇಕು ಅಂತ ಮಕ್ಕಳು ಅಂದುಕೊಂಡಿರುತ್ತಾರೆ, ಹಾಗಾಗಿ ಅವರಿಗೆ ಬಲೂನಿಗಿಂತ ಇದೇ ಆಶ್ಚರ್ಯ.

ಅಂಗಡಿಯಲ್ಲಿ ಸುಮ್ನೆ "ಸೋಡ" ಅಂತ ಕೇಳಬೇಡಿ. ಬಟ್ಟೆ ಸೋಡ ಕೈಗೆ ಬಂದರೆ ಚರ್ಮಕ್ಕೂ ಕಣ್ಣಿಗೂ ಉರಿ. ಮಿರ್ಚಿ ಹಿಟ್ಟಿಗೆ ಹಾಕುವ ಸೋಡ ಅಂತ ಹೇಳಿ, ನಮ್ಮೂರಲ್ಲಿ ಅದು ಯಾರಿಗೂ ಅರ್ಥವಾಗುತ್ತದೆ.

ನನಗೆ ಇದರ ಮೇಲಿರುವ ತಕರಾರು ಬೇರೆ. ಮಗ ಐದು ಸಲ ಬುಸ್ ಅನ್ನಿಸಿದ. ಬೇಸಿಗೆಯಲ್ಲಿ ನಿಂಬೆಹಣ್ಣಿನ ರೇಟು ನಿಮಗೂ ಗೊತ್ತು. ಆರನೇ ಸಲಕ್ಕೆ ನಾನು ನಿಲ್ಲಿಸಿದೆ. ಅವನು ಏನೂ ಕೇಳಲಿಲ್ಲ, ಇನ್ನಷ್ಟು ಜೋರಾಗಿ ಬುಸ್ ಅನ್ನಲಿ ಅಂತ ಹಟ ಮಾಡಿದ ಅಷ್ಟೇ. ಇದಕ್ಕೆ ಜೀವ ಬಂದದ್ದು ಮಗಳು ಕೈ ಹಾಕಿದ ಮೇಲೆ. ನಿಂಬೆ ಖಾಲಿಯಾಗಿತ್ತು, ಅವಳು ಹುಣಸೆರಸ ತಂದಳು. ಆಮೇಲೆ ಮಜ್ಜಿಗೆ, ಟೊಮೆಟೊ ರಸ, ಸಕ್ಕರೆ ನೀರು. ನಾಲ್ಕು ಬಟ್ಟಲಿಗೂ ಚಿಟಿಕೆ ಚಿಟಿಕೆ ಸೋಡ. ಯಾವುದು ಜಾಸ್ತಿ ನೊರೆ, ಯಾವುದು ಕಡಿಮೆ, ಯಾವುದು ಸುಮ್ಮನಿದೆ. ಬಲೂನು ಬೇಡವೇ ಬೇಡ, ಹೀಗೆ ಮಾಡಿ. ಮನೆಯಲ್ಲಿ ಈನೋ ಇದ್ದರೆ ಅದನ್ನೂ ಬರೀ ನೀರಿಗೆ ಹಾಕಿ ತೋರಿಸಿ. ಅದರಲ್ಲಿ ಸೋಡವೂ ಹುಳಿಯೂ ಒಣಗಿದ ರೂಪದಲ್ಲಿ ಒಟ್ಟಿಗೇ ಇರುತ್ತವೆ, ನೀರು ಬೀಳುವುದನ್ನೇ ಕಾಯುತ್ತಿರುತ್ತವೆ.

ಇನ್ನು ಅರಿಶಿನ. ನನ್ನ ಆಯ್ಕೆ ಇದೇ, ಮೊದಲೇ ಹೇಳಿಬಿಡುತ್ತೇನೆ.

ಅರ್ಧ ಲೋಟ ನೀರಿಗೆ ಒಂದು ಚಮಚ ಅರಿಶಿನ ಕದಡಿ, ಬಿಳಿ ಹಾಳೆಗೆ ಬಳಿದು ನೆರಳಲ್ಲಿ ಒಣಗಿಸಿ. ಮೈಸೋಪನ್ನು ಸ್ವಲ್ಪ ನೀರಲ್ಲಿ ತಿಕ್ಕಿ ಕರಗಿಸಿ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಅದರಲ್ಲಿ ಅದ್ದಿ ಹಳದಿ ಹಾಳೆಯ ಮೇಲೆ ಬರೆಯಲು ಕೊಡಿ. ಮಗಳು ನಾಲಿಗೆ ಕಚ್ಚಿಕೊಂಡು ತನ್ನ ಹೆಸರಿನ ಮೊದಲ ಅಕ್ಷರ ಬರೆದಳು. ಕಡ್ಡಿಯಲ್ಲಿದ್ದದ್ದು ಬಣ್ಣವೇ ಇಲ್ಲದ ನೀರು. ಅದು ಹಾಳೆಗೆ ತಾಗಿದ ಕಡೆಯೆಲ್ಲ ಇಟ್ಟಿಗೆ ಕೆಂಪು. ಅವಳು ಕಡ್ಡಿ ತಿರುಗಿಸಿ ನೋಡಿದಳು, ಸೋಪಿನ ನೀರು ನೋಡಿದಳು, ಮತ್ತೆ ಹಾಳೆ ನೋಡಿದಳು. ನಾನು ಏನೂ ಹೇಳದೆ ನಿಂಬೆಹಣ್ಣಿನ ಹೋಳು ಕೊಟ್ಟೆ. ಕೆಂಪಿನ ಮೇಲೆ ಒತ್ತಿದಳು. ಅಕ್ಷರದ ನಡುಭಾಗ ಮತ್ತೆ ಹಳದಿಯಾಯಿತು.

ಒಳಗೆ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದ ನಮ್ಮ ಅತ್ತೆ, "ಇದಕ್ಕೇನವ್ವಾ ಇಷ್ಟು ಸಂಭ್ರಮ? ನಮ್ಮ ಆರತಿ ನೀರೇ ಅಲ್ಲೇನು ಇದು?" ಅಂದರು. ಹೌದಲ್ಲ! ಅರಿಶಿನದ ನೀರಿಗೆ ಚೂರು ಸುಣ್ಣ ಬಿದ್ದರೆ ಓಕುಳಿ. ಕುಂಕುಮವನ್ನೂ ಅರಿಶಿನಕ್ಕೆ ಸುಣ್ಣ ಬೆರೆಸಿ ಮಾಡುವ ಪದ್ಧತಿ ಇದೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಬಣ್ಣಕ್ಕೆ ಸೋಪು, ಸುಣ್ಣದಂಥ ಕ್ಷಾರ ತಾಗಿದರೆ ಕೆಂಪಾಗುತ್ತದೆ, ಹುಳಿ ತಾಗಿದರೆ ತಿರುಗಿ ಹಳದಿಯಾಗುತ್ತದೆ. ಎಷ್ಟು ಸಲ ಬೇಕಾದರೂ ಹಿಂದೆ ಮುಂದೆ ಓಡಾಡಿಸಬಹುದು. ಸೋಡದ ನೊರೆ ಇಳಿದರೆ ಮುಗೀತು, ಮೊದಲಿಂದ ಶುರು ಮಾಡಬೇಕು. ಎರಡಕ್ಕೂ ಇರುವ ವ್ಯತ್ಯಾಸ ಇದೇ.

ಅವತ್ತು ಸಂಜೆಯೊಳಗೆ ಮಗಳು ಬಚ್ಚಲುಮನೆಯನ್ನೆಲ್ಲ ತಡಕಾಡಿಬಿಟ್ಟಳು. ಬಟ್ಟೆ ಸೋಪಿಗೆ ಹಾಳೆ ಗಾಢ ಕೆಂಪಾಯಿತು, ಮೈಸೋಪಿಗೆ ಸ್ವಲ್ಪ ಕಡಿಮೆ. ಶಾಂಪೂಗೆ ಏನೂ ಆಗಲಿಲ್ಲ. ತಿನ್ನೋ ಸೋಡದ ನೀರಿಗೆ ಆಗಿಯೂ ಆಗದ ಹಾಗೆ ಕಿತ್ತಳೆ ಬಣ್ಣ. ಹಳ್ಳಿಮನೆಯಲ್ಲಿ ಸೌದೆ ಒಲೆ ಇದ್ದರೆ ಬೂದಿಯನ್ನು ನೀರಲ್ಲಿ ಕದಡಿ ತಿಳಿ ಬಸಿದು ನೋಡಿ, ಅದಕ್ಕೂ ಕೆಂಪಾಗುತ್ತದೆ. ಹಿಂದಿನವರು ಬೂದಿಯಲ್ಲಿ ಪಾತ್ರೆ ಬೆಳಗುತ್ತಿದ್ದದ್ದು ಯಾಕೆ ಅನ್ನೋ ಮಾತಿಗೆ ಅಲ್ಲಿಂದಲೇ ದಾರಿ.

ಸುಣ್ಣವನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿ. ಎಲೆಯಡಿಕೆ ಡಬ್ಬಿಯ ಸುಣ್ಣ ಕಣ್ಣಿಗೆ ಸಿಡಿದರೆ ಆಸ್ಪತ್ರೆಗೇ ಓಡಬೇಕಾಗುತ್ತದೆ. ಸೋಪಿನಲ್ಲೇ ಎಲ್ಲ ಆಗುವಾಗ ಅದು ಯಾಕೆ?

"ಕಲೆ ಆಗಲ್ವಾ?" ಅಂತ ಕೇಳಬಹುದು. ಆಗುತ್ತದೆ, ಚೆನ್ನಾಗೇ ಆಗುತ್ತದೆ. ಮಗನ ಬನಿಯನ್ ಹೋಯಿತು ಅಂದುಕೊಂಡಿದ್ದೆ. ಒಗೆದು ಬಿಸಿಲಿಗೆ ಹಾಕಿದೆ, ಎರಡು ದಿನಕ್ಕೆ ಕಲೆ ಮಾಸಿತು. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಅದೇ ಇನ್ನೊಂದು ಪ್ರಯೋಗವಾಯಿತು: ಒಂದೇ ಬಟ್ಟೆಯ ಎರಡು ತುಂಡಿಗೆ ಅರಿಶಿನ ಹಚ್ಚಿ, ಒಂದನ್ನು ಟೆರೇಸಿನಲ್ಲಿ, ಇನ್ನೊಂದನ್ನು ಬೀರುವಿನಲ್ಲಿ ಇಡುವುದು. ನಮ್ಮೂರ ಬಿಸಿಲಿಗೆ ಇಷ್ಟಾದರೂ ಉಪಯೋಗ ಇರಲಿ.

ದಾಸವಾಳದಲ್ಲೂ ಇಂಥದ್ದೇ ಆಟ ಆಡಬಹುದು. ಕೆಂಪು ದಾಸವಾಳದ ಎಸಳನ್ನು ಬಿಸಿ ನೀರಲ್ಲಿ ನೆನೆಸಿ ಬಸಿದರೆ, ಆ ನೀರು ನಿಂಬೆರಸಕ್ಕೆ ಗಾಢ ಗುಲಾಬಿ, ಸೋಡಕ್ಕೆ ಹಸಿರು. ನೋಡೋಕೆ ಅರಿಶಿನಕ್ಕಿಂತ ಚಂದ. ಆದರೆ ಬಿಸಿ ನೀರಿನ ಕೆಲಸ ದೊಡ್ಡವರದ್ದು, ಆ ನೀರು ಮರುದಿನಕ್ಕೆ ಇಟ್ಟರೆ ಕೆಡುತ್ತದೆ. ವಿಡಿಯೋಗಳಲ್ಲಿ ತೋರಿಸುವ ಕೆಂಪು ಎಲೆಕೋಸನ್ನು ಹುಡುಕಿಕೊಂಡು ಮಾರ್ಕೆಟ್ ಸುತ್ತಬೇಡಿ.

ನಾಲ್ಕು ವರ್ಷದೊಳಗಿನವರಿಗೆ

ಇವರಿಗೆ ತೇಲೋದು ಮುಳುಗೋದು ಸಾಕು. ಒಂದು ಬೋಗುಣಿ ನೀರು, ಒಂದು ಹಿಡಿ ಮಂಡಕ್ಕಿ, ಒಂದು ಹಿಡಿ ಅಕ್ಕಿ. ಅಕ್ಕಿ ತಳಕ್ಕೆ, ಮಂಡಕ್ಕಿ ಮೇಲೆ. ಎರಡೂ ಭತ್ತದಿಂದಲೇ ಬಂದವು ಅಂದರೆ ನನ್ನ ಮಗ ನಂಬಲಿಲ್ಲ. ಒಂದು ಭಾನುವಾರ ಮಂಡಕ್ಕಿ ಭಟ್ಟಿಗೆ ಕರೆದುಕೊಂಡು ಹೋಗಿ ದೂರದಿಂದ ತೋರಿಸಿದೆ. ಕಾದ ಮರಳಿಗೆ ಬಿದ್ದ ಅಕ್ಕಿ ಕ್ಷಣದಲ್ಲಿ ಅರಳುವುದನ್ನು ಕಂಡ ಮೇಲೆ ಅವನಿಗೆ ಅದೇ ಮಾತು. ಕಾಳಿನೊಳಗಿನ ನೀರು ಆವಿಯಾಗಿ ಅಕ್ಕಿಯನ್ನು ಉಬ್ಬಿಸುತ್ತದೆ. ಒಳಗೆಲ್ಲ ಗಾಳಿಗೂಡು, ಅದಕ್ಕೇ ತೇಲುತ್ತದೆ.

ಮೊಟ್ಟೆಯನ್ನು ಉಪ್ಪುನೀರಲ್ಲಿ ತೇಲಿಸುವ ಪ್ರಯೋಗ ಎಲ್ಲ ಪುಸ್ತಕದಲ್ಲೂ ಇದೆ. ಮೊಟ್ಟೆ ಒಳಗೆ ಬರದ ಮನೆಗಳು ನಮ್ಮ ಕಡೆ ಜಾಸ್ತಿ, ಅವರಿಗೆ ಆಲೂಗಡ್ಡೆ ಹೋಳು ಸಾಕು. ಒಂದು ಲೋಟ ನೀರಿಗೆ ಆರೇಳು ಚಮಚ ಉಪ್ಪು ಬೇಕಾದೀತು. ಒಂದೊಂದೇ ಚಮಚ ಹಾಕಿ ಕದಡುತ್ತ ಎಣಿಸಲು ಹೇಳಿ. ಎಷ್ಟನೇ ಚಮಚಕ್ಕೆ ಹೋಳು ಮೇಲೆದ್ದಿತು ಅಂತ ಮಗುವೇ ಕೂಗಿ ಹೇಳುತ್ತದೆ.

ಕುಡಿಯುವ ಗ್ಯಾಸ್ ಸೋಡಾ ತುಂಬಿದ ಗಾಜಿನ ಲೋಟಕ್ಕೆ ನಾಲ್ಕು ಒಣದ್ರಾಕ್ಷಿ ಹಾಕಿದರೆ ಅವು ಮೇಲೆ ಕೆಳಗೆ ಓಡಾಡುತ್ತವೆ. ಗುಳ್ಳೆ ಅಂಟಿದಾಗ ಏರುತ್ತವೆ, ಮೇಲೆ ಬಂದು ಗುಳ್ಳೆ ಒಡೆದಾಗ ಇಳಿಯುತ್ತವೆ. ಐದು ನಿಮಿಷದ ಖುಷಿ. ತಟ್ಟೆ ನೀರಿನ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ ಸೋಪು ಹಚ್ಚಿದ ಬೆರಳು ಇಡುವ ಪ್ರಯೋಗವನ್ನು ನಾನು ಈ ವಯಸ್ಸಿಗೆ ಹೇಳುವುದಿಲ್ಲ. ಪುಡಿ ಅಂಚಿಗೆ ಓಡುವುದು ನಿಜಕ್ಕೂ ಚೆನ್ನ, ಆದರೆ ಅದೇ ಬೆರಳು ಮರುಕ್ಷಣ ಕಣ್ಣಿಗೆ ಹೋಗುತ್ತದೆ.

ಕಾಯಬೇಕಾದವು: ಬೆಣ್ಣೆ, ಮೊಸರು, ಮೊಳಕೆ, ಹರಳು

ಇಲ್ಲಿ ಮಗುವಿನ ವಯಸ್ಸಿಗಿಂತ ಸ್ವಭಾವ ನೋಡಿ. ನನ್ನ ಮಗನಿಗೆ ಕಾಯೋದು ಅಂದರೆ ಹತ್ತು ನಿಮಿಷ. ಅಂಥವರಿಗೆ ಬೆಣ್ಣೆ.

ನಾಲ್ಕೈದು ದಿನದ ಕೆನೆ ಕೂಡಿಟ್ಟು, ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಕ್ಕೆ ಅರ್ಧದಷ್ಟು ಹಾಕಿ ಕುಲುಕಲು ಕೊಡಿ. ಮೊದಲು ಗಳಗಳ ಸದ್ದು. ಆಮೇಲೆ ಕೆನೆ ನೊರೆಯಾಗಿ ಗಟ್ಟಿಯಾಗುತ್ತದೆ, ಸದ್ದೇ ನಿಂತುಹೋಗುತ್ತದೆ. ಮಕ್ಕಳು ಕೈಚೆಲ್ಲೋದು ಇಲ್ಲೇ. "ಇನ್ನೊಂಚೂರು" ಅಂತ ಹುರಿದುಂಬಿಸಿ. ಇದ್ದಕ್ಕಿದ್ದಂತೆ ಡಬ್ಬದೊಳಗೆ ಏನೋ ದಪ್ಪ್ ಅಂತ ಬಡಿಯತೊಡಗುತ್ತದೆ, ಸುತ್ತ ತೆಳು ಮಜ್ಜಿಗೆಯ ಸದ್ದು. ಮುಚ್ಚಳ ತೆಗೆದರೆ ಬೆಣ್ಣೆ ಮುದ್ದೆ. ಕೆನೆಯಲ್ಲಿ ಕೊಬ್ಬು ಸಣ್ಣ ಸಣ್ಣ ಹನಿಗಳಾಗಿ ಹರಡಿರುತ್ತದೆ, ಪ್ರತಿ ಹನಿಗೂ ತೆಳ್ಳನೆಯ ಪೊರೆ. ಕುಲುಕಿದಾಗ ಪೊರೆ ಹರಿದು ಹನಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಇದರಲ್ಲಿ ಬದಲಾಯಿಸಿ ನೋಡೋಕೆ ಏನಿದೆ? ಬಿಸಿ. ಏಪ್ರಿಲ್ ಮಧ್ಯಾಹ್ನ ಹೊರಗಿಟ್ಟ ಕೆನೆಯಲ್ಲಿ ಮಾಡಿದಾಗ ಎಷ್ಟು ಕುಲುಕಿದರೂ ಎಣ್ಣೆಯಂಥ ಮೆತ್ತನೆಯದ್ದೇ ಬಂತು. ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಬಿಟ್ಟ ಕೆನೆಯಲ್ಲಿ ಹದಿನೈದು ನಿಮಿಷದೊಳಗೆ ಮುದ್ದೆ ಕಟ್ಟಿತು. ಆ ಬೆಣ್ಣೆ ಅವತ್ತೇ ದೋಸೆಯ ಮೇಲೆ ಕೂತಿತು. ಹೋಟೆಲಿನ ಬೆಣ್ಣೆ ದೋಸೆಗೆ ಸಮ ಅಲ್ಲ, ಆದರೂ ನನ್ನ ಮಗ ಈಗ ಹೋಟೆಲಿನಲ್ಲಿ ಕೂತಾಗ "ಇದನ್ನ ಯಾರು ಕುಲುಕಿದ್ರು?" ಅಂತ ಮಾಣಿಯನ್ನೇ ಕೇಳುತ್ತಾನೆ.

ರಾತ್ರಿ ಮಲಗಿ ಬೆಳಿಗ್ಗೆ ನೋಡುವಷ್ಟು ತಾಳ್ಮೆ ಇದ್ದರೆ ಮೊಸರು. ಮೂರು ಬಟ್ಟಲಿಗೂ ಒಂದೇ ಹಾಲು, ಒಂದೇ ಅಳತೆ ಹೆಪ್ಪು. ಒಂದು ಉಗುರುಬೆಚ್ಚಗೆ, ಒಂದು ಕುದಿಯುವಷ್ಟು ಬಿಸಿ, ಒಂದು ನೇರ ಫ್ರಿಜ್ಜಿಗೆ. ಬಿಸಿ ಹಾಲು ನೀವೇ ಸುರಿಯಿರಿ. ಬೆಳಿಗ್ಗೆ ಉಗುರುಬೆಚ್ಚಗಿನದು ಗಟ್ಟಿ ಮೊಸರು, ಉಳಿದೆರಡು ಹಾಲಾಗೇ ಇರುತ್ತವೆ. ಒಂದರಲ್ಲಿ ಹೆಪ್ಪಿನ ಬ್ಯಾಕ್ಟೀರಿಯಾ ಸತ್ತಿವೆ, ಇನ್ನೊಂದರಲ್ಲಿ ಚಳಿಗೆ ಸುಮ್ಮನೆ ಕೂತಿವೆ. ಫ್ರಿಜ್ಜಿನ ಬಟ್ಟಲನ್ನು ಹೊರಗಿಟ್ಟರೆ ಸಂಜೆಗೆ ಅದೂ ಹೆಪ್ಪಾಗುತ್ತದೆ. "ಸತ್ತಿದೆಯೋ ಮಲಗಿದೆಯೋ" ಅಂತ ತಿಳಿಯಲು ಇದಕ್ಕಿಂತ ಸುಲಭ ದಾರಿ ನನಗೆ ಕಂಡಿಲ್ಲ.

ಹೆಸರುಕಾಳಿನ ಮೊಳಕೆ ಶಾಲೆಯಲ್ಲೂ ಮಾಡಿಸುತ್ತಾರೆ, ಅದರ ಬಗ್ಗೆ ಹೆಚ್ಚು ಹೇಳಲ್ಲ.

ಹರಳಿನಲ್ಲಿ ಎರಡು ದಾರಿ ಇವೆ, ಕಲ್ಲುಸಕ್ಕರೆಯದ್ದು ಮತ್ತು ಉಪ್ಪಿನದ್ದು. ಕಲ್ಲುಸಕ್ಕರೆ ನೋಡೋಕೆ ಆಸೆ ಹುಟ್ಟಿಸುತ್ತದೆ. ಆದರೆ ಕುದಿಯುವ ಸಕ್ಕರೆ ಪಾಕ ಬೇಕು, ಅದು ಚರ್ಮಕ್ಕೆ ಬಿದ್ದರೆ ನೀರಿನ ಹಾಗೆ ಜಾರುವುದಿಲ್ಲ, ಅಂಟಿಕೊಂಡೇ ಸುಡುತ್ತದೆ. ಮೇಲೆ ಒಂದು ವಾರ ಕಾಯಬೇಕು. ನಮ್ಮನೆಯಲ್ಲಿ ಮೂರನೇ ದಿನಕ್ಕೇ ಇರುವೆಗಳು ಪ್ರಯೋಗ ಮುಗಿಸಿದವು. ಉಪ್ಪಿಗೆ ಒಲೆಯೇ ಬೇಡ. 100 ಮಿಲಿಲೀಟರ್ ನೀರಲ್ಲಿ ಸುಮಾರು 36 ಗ್ರಾಂ ಉಪ್ಪು ಕರಗುತ್ತದೆ. ಇನ್ನು ಕರಗಲ್ಲ ಅನ್ನುವವರೆಗೆ ಹಾಕಿ, ತಿಳಿಯನ್ನು ಕಪ್ಪು ತಟ್ಟೆಗೆ ಸುರಿದು ಟೆರೇಸಿನಲ್ಲಿಡಿ. ಒಂದೆರಡು ದಿನದಲ್ಲಿ ಚೌಕ ಚೌಕ ಹರಳು. ಬಿಸಿಲಲ್ಲಿಟ್ಟದ್ದು ಸಣ್ಣ ಹರಳು, ನೆರಳಲ್ಲಿ ನಿಧಾನ ಆರಿದ್ದು ದೊಡ್ಡ ಹರಳು. ಇದಕ್ಕೇ ನನ್ನ ಓಟು.

ಒಲೆ ಬೇಕಾದದ್ದರಲ್ಲಿ ಒಂದೇ ಒಂದು

ಪಾಪ್‌ಕಾರ್ನ್. ಇದರಲ್ಲಿ ನಾನು ನಗೆಪಾಟಲಾದೆ. ದಾವಣಗೆರೆ ಜಿಲ್ಲೆಯಲ್ಲಿ ಮೆಕ್ಕೆಜೋಳಕ್ಕೆ ಬರವೇ? ಸಂಬಂಧಿಕರ ಹೊಲದ್ದೇ ಒಂದು ಚೀಲ ಇತ್ತು. ಅದನ್ನೇ ಕುಕ್ಕರಿಗೆ ಹಾಕಿ ಮಕ್ಕಳನ್ನು ಎದುರು ಕೂರಿಸಿದೆ. ಹತ್ತು ನಿಮಿಷವಾದರೂ ಸದ್ದಿಲ್ಲ. ಆಮೇಲೆ ಸೀದ ವಾಸನೆ. ಹೊಲದ ಜೋಳ ಅರಳುವ ಜಾತಿಯಲ್ಲ. ಪಾಪ್‌ಕಾರ್ನ್ ಕಾಳಿನ ಸಿಪ್ಪೆ ಗಟ್ಟಿ, ಒಳಗೆ ಸುಮಾರು ನೂರಕ್ಕೆ 14ರಷ್ಟು ತೇವ. ಶಾಖ 180 ಡಿಗ್ರಿ ಹತ್ತಿರ ಬಂದಾಗ ಆವಿಯ ಒತ್ತಡಕ್ಕೆ ಸಿಪ್ಪೆ ಸಿಡಿಯುತ್ತದೆ. ನಮ್ಮ ಮೆಕ್ಕೆಜೋಳದ ಸಿಪ್ಪೆ ಅಷ್ಟು ತಡೆಯುವುದಿಲ್ಲ, ಆವಿ ಮೊದಲೇ ಸೋರಿಹೋಗುತ್ತದೆ. ಹಾಗಾಗಿ ಈಗ ಎರಡನ್ನೂ ಬೇರೆ ಬೇರೆ ಹುರಿದು ತೋರಿಸುತ್ತೇನೆ. ಮುಚ್ಚಳ ಗಾಜಿನದ್ದಿರಲಿ. ಮಕ್ಕಳು ನಾಲ್ಕು ಹೆಜ್ಜೆ ದೂರ ಕೂತು ಟಪ್ ಟಪ್ ಎಣಿಸಲಿ. ಎಣ್ಣೆ, ಬೆಂಕಿ ಎರಡೂ ಇರುವುದರಿಂದ ಆರು ವರ್ಷದ ಕೆಳಗಿನವರಿಗೆ ನಾನು ಮಾಡಲ್ಲ.

ಓದು ಬರೆಹ ಬರುವ ಮಕ್ಕಳಿಗೆ: ನೀರು

ನನ್ನ ತವರು ಚಿತ್ರದುರ್ಗದ ಕಡೆ. ಅಲ್ಲಿ ಬೋರಿನ ಸೌಳು ನೀರಲ್ಲಿ ಸ್ನಾನ ಮಾಡಿದವರಿಗೆ ಗೊತ್ತು, ಸೋಪು ತಿಕ್ಕಿದಷ್ಟೂ ನೊರೆ ಬರಲ್ಲ, ಕೂದಲು ನಾರಾಗುತ್ತದೆ, ನೀರು ಕಾಯಿಸುವ ಹಂಡೆಗೆ ಬಿಳಿ ಪೊರೆ ಕಟ್ಟುತ್ತದೆ. ಕೋಟೆಗೆ ಹೋದಾಗ ಮಗಳು "ಸಿಹಿನೀರು ಹೊಂಡ ಅಂದ್ರೆ ಸಕ್ಕರೆ ಹಾಕಿದ್ರಾ?" ಅಂತ ಕೇಳಿದ್ದಳು. ಉತ್ತರ ಕೊಡಲು ಒಂದು ಪ್ರಯೋಗ ಮಾಡಿದೆವು. ಸೋಡದಷ್ಟು ಕುಣಿಯಲ್ಲ, ಅರಿಶಿನದಷ್ಟು ಬಣ್ಣ ಇಲ್ಲ. ಆದರೂ ಏಳು ದಾಟಿದ ಮಕ್ಕಳಿಗೆ ಇದು ಬೇರೆಲ್ಲದಕ್ಕಿಂತ ಮೇಲು.

ಒಂದೇ ಅಳತೆಯ ಮೂರು ಬಾಟಲಿ. ಒಂದಕ್ಕೆ ಬೋರ್ ನೀರು, ಒಂದಕ್ಕೆ ನಲ್ಲಿ ನೀರು, ಒಂದಕ್ಕೆ ಫಿಲ್ಟರ್ ನೀರು, ಎಲ್ಲ ಅರ್ಧರ್ಧ. ಮೈಸೋಪು ತುರಿದು ಫಿಲ್ಟರ್ ನೀರಲ್ಲಿ ಕರಗಿಸಿ, ಪ್ರತಿ ಬಾಟಲಿಗೂ ಹತ್ತು ಹನಿ. ಮುಚ್ಚಿ ಇಪ್ಪತ್ತು ಸಲ ಕುಲುಕಿ, ಸಾಲಾಗಿ ಇಟ್ಟು ನೊರೆಯನ್ನು ಸ್ಕೇಲಿನಲ್ಲಿ ಅಳೆಯಿರಿ. ಫಿಲ್ಟರ್ ನೀರಲ್ಲಿ ನೊರೆ ಎತ್ತರಕ್ಕೆ ನಿಂತಿತು. ದುರ್ಗದಿಂದ ತಂದ ಬೋರ್ ನೀರಲ್ಲಿ ನೊರೆಯೇ ಇಲ್ಲ, ಮೇಲೆ ಬಿಳಿ ಚೂರುಗಳು ಒಡೆದ ಹಾಲಿನ ಹಾಗೆ ತೇಲಿದವು. ಗಡಸು ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಜಾಸ್ತಿ. ಅವು ಸೋಪನ್ನು ಹಿಡಿದು ಕರಗದ ಗಸಿ ಮಾಡುತ್ತವೆ. ಅದೆಲ್ಲ ಮುಗಿದ ಮೇಲೆ ಉಳಿದ ಸೋಪು ಮಾತ್ರ ನೊರೆ ಕೊಡುತ್ತದೆ. ಎಷ್ಟು ಹನಿ ಸೋಪು ಹಾಕಿದರೆ ಬೋರ್ ನೀರೂ ನೊರೆ ಕೊಟ್ಟೀತು? ಅದನ್ನು ಎಣಿಸುವುದೇ ಎರಡನೇ ದಿನದ ಆಟ.

ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರೆ ಪ್ರಯೋಗ ಕೆಡುತ್ತದೆ. ಅದು ಸೋಪಲ್ಲ, ಡಿಟರ್ಜೆಂಟ್. ಗಡಸು ನೀರಲ್ಲೂ ನೊರೆ ಕೊಡುವ ಹಾಗೇ ಮಾಡಿರುತ್ತಾರೆ. ನಾವು ಮೊದಲ ಸಲ ಅದನ್ನೇ ಹಾಕಿ, ಮೂರು ಬಾಟಲಿಯೂ ಒಂದೇ ಥರ ಉಕ್ಕಿ, ಪೆಚ್ಚಾಗಿ ಕೂತಿದ್ದೆವು. ಹಂಡೆಯ ಬಿಳಿ ಪೊರೆ ಕೆರೆದು ಸಿಕ್ಕರೆ ಅದರ ಮೇಲೆ ನಿಂಬೆರಸ ಬಿಡಿ. ಸೋಡದ ಹಾಗೇ ಸಣ್ಣಗೆ ಗುಳ್ಳೆ ಏಳುತ್ತದೆ.

ಜೂನ್‌ನಲ್ಲಿ ಮೊದಲ ಮಳೆಗೆ ಮಗಳು ಟೆರೇಸಿನಲ್ಲಿ ಸ್ಟೀಲ್ ಪಾತ್ರೆ ಇಟ್ಟು ನಾಲ್ಕನೇ ಬಾಟಲಿ ತುಂಬಿಸಿದಳು. ಈಗ ಸಿಂಕಿನ ಪಕ್ಕ ಬಾಟಲಿಗಳ ಸಾಲೇ ಇದೆ. ಪ್ರತಿಯೊಂದಕ್ಕೂ ಅವಳ ಕೈಬರಹದ ಚೀಟಿ: "ಅಜ್ಜಿ ಮನೆ ಬೋರು", "ನಮ್ಮ ನಲ್ಲಿ", "ಮಳೆ". ಯಾರು ದುರ್ಗದ ಬಸ್ಸು ಹತ್ತುತ್ತೇನೆ ಅಂದರೂ ಅವರ ಕೈಗೆ ಒಂದು ಖಾಲಿ ಬಾಟಲಿ ಹೋಗುತ್ತದೆ.